ಮಕ್ಕಳ ಕೈಗೆ ಟೇಪು ಕೊಟ್ಟ ಶಿಬಿರ: ಕದ್ರಿಯ ತಂಬಾಕು ವಿರೋಧಿ ಭಾನುವಾರಗಳು

ಹೈಸ್ಕೂಲು, ಪಿಯುಸಿ ಮಕ್ಕಳಿರುವ ಮಂಗಳೂರಿನವರು ಇದನ್ನು ಓದಿ. ಕದ್ರಿ ಕಡೆ ಕೆಲವು ಸ್ವಯಂಸೇವಕರು ಸೇರಿ ಭಾನುವಾರ ಬೆಳಿಗ್ಗೆ ನಡೆಸುವ ತಂಬಾಕು ವಿರೋಧಿ ಶಿಬಿರಕ್ಕೆ ನನ್ನ ಮಗಳು ಹೋಗಿ ಬಂದಳು. ಅವಳು ಒಂಬತ್ತನೇ ಕ್ಲಾಸು. ಫೀಸು 300 ರೂಪಾಯಿ, ತಿಂಡಿ ಅದರಲ್ಲೇ ಬಂತು. ನಿಮ್ಮ ಮಕ್ಕಳನ್ನೂ ಕಳಿಸಿ. ಆದರೆ ಶಿಬಿರದವರು ಸರಿ ಮಾಡಿಕೊಳ್ಳಬೇಕಾದ ವಿಷಯಗಳೂ ಇವೆ, ಅದನ್ನೂ ಬರೆಯುತ್ತೇನೆ.

ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಭಾಷಣ ಕಡಿಮೆ ಇದ್ದದ್ದು. ಮೇ 31, ವಿಶ್ವ ತಂಬಾಕು ರಹಿತ ದಿನ ಬಂದರೆ ಎಲ್ಲ ಕಡೆ ಒಂದು ಪ್ರತಿಜ್ಞೆ, ಒಂದು ಚಿತ್ರ ಸ್ಪರ್ಧೆ, ಕಪ್ಪಾದ ಶ್ವಾಸಕೋಶದ ಪೋಸ್ಟರ್, ಅಲ್ಲಿಗೆ ಮುಗಿಯಿತು. ಹದಿನೈದು ವರ್ಷದವರಿಗೆ ಕ್ಯಾನ್ಸರ್ ಅಂದರೆ ಅಜ್ಜಂದಿರ ಕಾಯಿಲೆ, ಹೆದರಿಸಿದರೆ ಕೇಳುವುದಿಲ್ಲ. ಅದೇ, ನಿನ್ನನ್ನೇ ನಂಬಿಕೊಂಡು ಒಬ್ಬ ವ್ಯಾಪಾರ ಮಾಡುತ್ತಿದ್ದಾನೆ ಅಂತ ಹೇಳಿ ನೋಡಿ, ಎದ್ದು ಕೂರುತ್ತಾರೆ. ಅಮೆರಿಕದ ಫ್ಲೋರಿಡಾದಲ್ಲಿ 1998ರಲ್ಲಿ ಶುರುವಾದ ‘ಟ್ರುತ್’ ಪ್ರಚಾರ ಹಿಡಿದದ್ದು ಇದೇ ದಾರಿ. ಏನು ಹೇಳಬೇಕು, ಹೇಗೆ ಹೇಳಬೇಕು ಅಂತ ಅಲ್ಲಿ ಹದಿಹರೆಯದವರನ್ನೇ ಕೂರಿಸಿ ಕೇಳಿದರು. ಆಮೇಲೆ ಅದು ದೇಶವಿಡೀ ಹಬ್ಬಿತು. ನ್ಯೂಯಾರ್ಕಿನಲ್ಲಿ ಒಂದು ಸಿಗರೇಟು ಕಂಪನಿಯ ಕಚೇರಿ ಎದುರು ಹೆಣ ಸಾಗಿಸುವಂಥ 1200 ಚೀಲಗಳನ್ನು ರಾಶಿ ಹಾಕಿದರು. ಅಲ್ಲಿ ಆಗ ತಂಬಾಕಿನಿಂದ ದಿನಕ್ಕೆ ಸಾಯುತ್ತಿದ್ದವರ ಲೆಕ್ಕ ಅದು. ಶಿಬಿರದಲ್ಲಿ ಈ ಕಥೆ ಹೇಳಿದಾಗ ಹಿಂದಿನ ಸಾಲಿನ ಹುಡುಗರೂ ಮೊಬೈಲು ಕೆಳಗಿಟ್ಟರಂತೆ.

ಆಮೇಲೆ ಮಕ್ಕಳ ಕೈಗೆ ಉದ್ದದ ಅಳತೆ ಟೇಪು, ಒಂದು ನೋಟ್‌ಬುಕ್ ಕೊಟ್ಟು ಹೊರಗೆ ಕರೆದುಕೊಂಡು ಹೋದರು. 2025ರ ಮೇ ತಿಂಗಳಲ್ಲಿ ಕರ್ನಾಟಕದ ಕಾನೂನು ಬಿಗಿಯಾಗಿದೆ, ಎಷ್ಟೋ ಅಂಗಡಿಯವರಿಗೇ ಅದು ಗೊತ್ತಿಲ್ಲ. ಮೊದಲು 18 ವರ್ಷ ಆಗದವರಿಗೆ ತಂಬಾಕು ಮಾರುವಂತಿರಲಿಲ್ಲ, ಈಗ 21 ಆಗಿರಬೇಕು. ಶಾಲೆ, ಕಾಲೇಜಿನಿಂದ ನೂರು ಮೀಟರ್ ಒಳಗೆ ಮಾರಾಟ ಇಲ್ಲ, ಲೂಸ್ ಸಿಗರೇಟೂ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1000 ಆಗಿದೆ. ಮಕ್ಕಳು ಒಂದು ಶಾಲೆಯ ಗೇಟಿನಿಂದ ಅಳೆಯುತ್ತಾ ಹೋದರು. ನೂರು ಮೀಟರ್ ಮುಗಿಯುವ ಮೊದಲೇ ಗೂಡಂಗಡಿ ಸಿಕ್ಕಿತು. ಮಗಳ ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಇದೆ. ಕೆಳಗೆ ಚಾಕಲೇಟು, ಕಡಲೆ ಮಿಠಾಯಿ ಬಾಟಲಿ. ಅದರ ಮೇಲೆ, ಆರನೇ ಕ್ಲಾಸಿನ ಹುಡುಗನ ಕಣ್ಣಿಗೆ ನೇರವಾಗಿ, ಪಾನ್ ಮಸಾಲದ ಮಾಲೆ. ಪಕ್ಕದಲ್ಲಿ ಹೊಗೆಸೊಪ್ಪಿನ ಸಣ್ಣ ಪ್ಯಾಕೆಟು. ಗುಟ್ಕಾ 2013ರಲ್ಲೇ ನಿಷೇಧ ಆಗಿದೆ ಅಲ್ವಾ, ಅದಕ್ಕೇ ಎರಡನ್ನೂ ಬೇರೆ ಬೇರೆ ಮಾರುತ್ತಾರೆ, ತೆಗೆದುಕೊಂಡವರು ಬಾಯಲ್ಲಿ ಬೆರೆಸಿಕೊಳ್ಳುತ್ತಾರೆ. ಕಂಬಕ್ಕೆ ದಾರ ಕಟ್ಟಿ ಒಂದು ಲೈಟರ್ ನೇತು ಹಾಕಿದ್ದರು. ಪ್ಯಾಕು ತೆಗೆದುಕೊಳ್ಳುವವನ ಜೇಬಲ್ಲಿ ಬೆಂಕಿ ಇರುತ್ತದೆ, ಇದು ಒಂದೇ ಸಿಗರೇಟು ತೆಗೆದುಕೊಳ್ಳುವವನಿಗೆ ಅಂತ ಒಬ್ಬ ಹುಡುಗ ಹೇಳಿದನಂತೆ. ಯಾವ ಭಾಷಣದಿಂದ ಇದು ಬರುತ್ತದೆ ಹೇಳಿ!

ಸುರಕ್ಷತೆ ಬಗ್ಗೆ ನನಗೆ ಚಿಂತೆ ಇತ್ತು. ಶಿಬಿರದವರ ನಿಯಮ ಕಟ್ಟುನಿಟ್ಟು. ಏನೂ ಖರೀದಿ ಮಾಡಬಾರದು, ಅಂಗಡಿಯವರ ಫೋಟೋ ತೆಗೆಯಬಾರದು, ವಾದ ಬೇಡ, ಪ್ರತಿ ಗುಂಪಿನ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಇದಕ್ಕೆ ಪೂರ್ತಿ ಮಾರ್ಕು.

ಇನ್ನು ಬೀಡಿ ವಿಷಯ. ನಮ್ಮ ಊರಲ್ಲಿ ತಂಬಾಕಿನ ಮಾತು ಬೀಡಿ ಬಿಟ್ಟು ಆಗುವುದಿಲ್ಲ ಮಾರಾಯ್ರೆ. ನನ್ನ ಅತ್ತೆ ಬೀಡಿ ಕಟ್ಟಿಯೇ ನಾಲ್ಕು ಮಕ್ಕಳನ್ನು ಓದಿಸಿದವರು. ಮೊದಲ ವಾರ ಮಾತಾಡಲು ಬಂದವರೊಬ್ಬರು, ಬೀಡಿ ವಿಷ, ಅದನ್ನು ಮುಟ್ಟುವುದೇ ಪಾಪ ಅನ್ನುವ ಹಾಗೆ ಹೇಳಿಬಿಟ್ಟರು. ಉಳ್ಳಾಲ ಕಡೆಯ ಒಬ್ಬಳು ಹುಡುಗಿ ಆಮೇಲೆ ಬಾಯಿಯೇ ಬಿಡಲಿಲ್ಲ, ಅವಳ ಅಮ್ಮ ಈಗಲೂ ಕಟ್ಟುತ್ತಾರೆ. ನನಗೆ ಸಿಟ್ಟು ಬಂತು, ಹೋಗಿ ಶಿಬಿರದವರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಮುಂದಿನ ವಾರ ಆ ಹುಡುಗಿಯ ಅಮ್ಮನನ್ನೇ ಕರೆಸಿದರು. ಅವರು ತಡ್ಪೆ (ಮೊರ) ಮಡಿಲಲ್ಲಿ ಇಟ್ಟುಕೊಂಡು, ಎಲೆ ಕತ್ತರಿಸಿ, ಸೊಪ್ಪು ತುಂಬಿ ಸುತ್ತಿ, ನೂಲು ಹಾಕಿ ತೋರಿಸಿದರು. ಸಾವಿರ ಬೀಡಿಗೆ ಎಷ್ಟು ಸಿಗುತ್ತದೆ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಸರಿ ಇಲ್ಲ ಅಂತ ಎಷ್ಟು ತೆಗೆದು ಬಿಸಾಡುತ್ತಾರೆ, ಧೂಳಿಗೆ ರಾತ್ರಿ ಹೇಗೆ ಕೆಮ್ಮು ಬರುತ್ತದೆ ಅಂತ ಹೇಳಿದರು. “ನನಗೂ ಇದು ಬೇಡ ಮಕ್ಕಳೇ, ಮನೆಯಲ್ಲೇ ಕೂತು ಮಾಡುವ ಬೇರೆ ಕೆಲಸ ಉಂಟಾ?” ಅಂತ ಕೇಳಿದರಂತೆ. ಮಕ್ಕಳು ಬರೆದ ಬೀದಿ ನಾಟಕದಲ್ಲಿ ಈಗ ಆ ಪ್ರಶ್ನೆ ಇದೆ. ಸಿಟ್ಟು ಮಾಡಬೇಕಾದ್ದು ಯಾರ ಮೇಲೆ ಅಂತ ಅವರಿಗೆ ಅರ್ಥ ಆಗಿದೆ.

ಕೊರತೆಗಳು: ಅಳತೆಯೆಲ್ಲ ಬರೆದು ಅರ್ಜಿ ಕೊಡಿಸಿದರು, ಆಮೇಲೆ ಏನಾಯಿತು ಅಂತ ಕೇಳಿಕೊಂಡು ಹೋಗುವ ವ್ಯವಸ್ಥೆ ಶಿಬಿರದಲ್ಲಿ ಇಲ್ಲ. ಮಗಳು ಈಗಲೂ ಕೇಳುತ್ತಾಳೆ, ನನ್ನ ಹತ್ತಿರ ಉತ್ತರ ಇಲ್ಲ. ಇ-ಸಿಗರೇಟು 2019ರಿಂದಲೇ ದೇಶದಲ್ಲಿ ನಿಷೇಧ, ಆದರೂ ಮಕ್ಕಳ ಕೈಗೆ ಬರುತ್ತದೆ. ಕೆಲವು ನೋಡಲು ಪೆನ್‌ಡ್ರೈವ್ ತರಹವೇ ಇರುತ್ತವೆ, ಬ್ಯಾಗಲ್ಲಿ ಇದ್ದರೂ ನಮಗೆ ಗೊತ್ತಾಗುವುದಿಲ್ಲ. ಅದನ್ನು ಸುಮ್ನೆ ಐದು ನಿಮಿಷದಲ್ಲಿ ಮುಗಿಸಿದರು. ಎಲ್ಲಕ್ಕಿಂತ ದೊಡ್ಡ ಕೊರತೆ, ಬಂದ ಮಕ್ಕಳಲ್ಲಿ ಯಾರೂ ಸೇದಿಯೇ ಇಲ್ಲ ಅಂತ ಅಂದುಕೊಂಡದ್ದು. ಒಬ್ಬಿಬ್ಬರು ರುಚಿ ನೋಡಿದವರು ಇದ್ದೇ ಇರುತ್ತಾರೆ. ಅವರು ಹೆದರದೆ ಮಾತಾಡಲು ಒಬ್ಬ ಕೌನ್ಸೆಲರ್ ಬೇಕು. ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ನಂಬರ್ 1800-11-2356 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದರೆ ಸಾಲದು.

ಎಂಟನೇ ಕ್ಲಾಸಿನಿಂದ ಮೇಲಿನವರನ್ನು ಸೇರಿಸಿಕೊಳ್ಳುತ್ತಾರೆ. ಬಿಸಿಲಲ್ಲಿ ನಡೆಯುವುದು ಜಾಸ್ತಿ ಇದೆ, ಟೊಪ್ಪಿ, ನೀರು ಕೊಟ್ಟು ಕಳಿಸಿ. ದೊಡ್ಡವರ ಕೊರತೆಯಿಂದ ಒಂದು ಗುಂಪು ಹೊರಡದೆ ಉಳಿದ ದಿನವೂ ಇತ್ತು, ಹಾಗಾಗಿ ಮಕ್ಕಳನ್ನು ಬಿಟ್ಟು ವಾಪಸ್ ಬರಬೇಡಿ, ಸಾಧ್ಯ ಆದರೆ ನೀವೂ ಒಂದು ಗುಂಪಿನ ಜೊತೆ ನಡೆಯಿರಿ.