ಸಿಟೆಕ್ ಎಂಎಕ್ಸ್‌ಎಸ್ 5.0: ಮಳೆಗಾಲವಿಡೀ ನಿಂತ ಹೈಬ್ರಿಡ್ ಕಾರನ್ನು ಎಬ್ಬಿಸುತ್ತದೆಯೇ?

ಜೂನ್‌ನಲ್ಲಿ ಶೆಡ್ಡಿಗೆ ಹಾಕಿದ ಕಾರನ್ನು ದಸರಾ ಹೊತ್ತಿಗೆ ಹೊರಗೆ ತೆಗೆಯುವುದು ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮಾಮೂಲು. ತೋಟಕ್ಕೆ ಜೀಪು, ಕಾರಿಗೆ ಟಾರ್ಪಾಲು. ಹಳೇ ಡೀಸೆಲ್ ಗಾಡಿಯಾದರೆ ನಾಲ್ಕು ಜನ ತಳ್ಳಿದರೆ ಸ್ಟಾರ್ಟ್ ಆಗುತ್ತಿತ್ತು. ಹೈಬ್ರಿಡ್ ತಳ್ಳಿ ಪ್ರಯೋಜನವಿಲ್ಲ. ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ಮಿಣುಕಿ ಆರುತ್ತದೆ, ಒಳಗೆಲ್ಲೋ ರಿಲೇ ಟಕಟಕ ಎನ್ನುತ್ತದೆ, ಸಂಬಂಧವೇ ಇಲ್ಲದ ಹತ್ತು ವಾರ್ನಿಂಗ್ ಲೈಟುಗಳು ಒಟ್ಟಿಗೆ ಬರುತ್ತವೆ. ‘ಹೈಬ್ರಿಡ್ ಬ್ಯಾಟರಿ ಹೋಯ್ತು, ಲಕ್ಷಗಟ್ಟಲೆ ಆಗುತ್ತೆ’ ಎಂಬ ಮಾತು ಅಲ್ಲಿಂದ ಶುರು.

ಬಹಳಷ್ಟು ಸಲ ಹೋಗಿರುವುದು ಗಾಡಿ ಓಡಿಸುವ ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕದು. ಸ್ವೀಡನ್ನಿನ ಸಿಟೆಕ್ ಕಂಪನಿಯ ಈ ಚಾರ್ಜರ್ ಎಬ್ಬಿಸುವುದೂ ಆ ಚಿಕ್ಕದನ್ನೇ. ದೊಡ್ಡದಕ್ಕೆ ಇದರಿಂದ ನೇರವಾಗಿ ಏನೂ ಆಗದು. ಕೊಳ್ಳುವ ಮೊದಲು ಇದು ತಲೆಯಲ್ಲಿರಲಿ.

ಟೊಯೋಟಾ ಮಾದರಿಯ ಹೈಬ್ರಿಡ್‌ಗಳಲ್ಲಿ ಮಾಮೂಲಿ ಸ್ಟಾರ್ಟರ್ ಮೋಟಾರ್ ಇರುವುದಿಲ್ಲ. ಇಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯೇ. ಆದರೆ ಅದನ್ನು ಗಾಡಿಗೆ ಜೋಡಿಸುವ ರಿಲೇಗಳು ಮುಚ್ಚಿಕೊಳ್ಳಲು, ಕಂಪ್ಯೂಟರುಗಳು ಎಚ್ಚರಗೊಳ್ಳಲು 12 ವೋಲ್ಟ್ ಬೇಕು. ಲಾಕ್ ಮಾಡಿ ನಿಲ್ಲಿಸಿದ ಕಾರು ಕೂಡ ಕೀ ಹುಡುಕುವ ರಿಸೀವರ್, ಅಲಾರಂ ಅಂತ ಸುಮಾರು 30 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 0.72 ಆಂಪ್-ಅವರ್. 45 ಆಂಪ್-ಅವರ್ ಬ್ಯಾಟರಿ ಎರಡು ತಿಂಗಳಲ್ಲಿ ಪೂರ್ತಿ ಬರಿದು, ಗಾಡಿ ಏಳದ ಸ್ಥಿತಿ ಅದಕ್ಕೂ ಮೊದಲೇ.

ಹಾಗಾಗಿ ಮೊದಲು ಮಲ್ಟಿಮೀಟರ್ ಹಿಡಿಯಿರಿ. 12.6 ಇದ್ದರೆ ಫುಲ್, 12.2 ಅಂದರೆ ಅರ್ಧ, 11.8ರ ಕೆಳಗೆ ಖಾಲಿ. ಎಷ್ಟು ಚಾರ್ಜ್ ಕೊಟ್ಟರೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ, ಹೊಸದೇ ತನ್ನಿ. ಚಾರ್ಜರಿನಲ್ಲಿ ಈ ಓದು ಸಿಗುವುದಿಲ್ಲ. ಬರೀ ಎಂಟು ಹಂತದ ಲೈಟುಗಳು, ವೋಲ್ಟ್ ತೋರಿಸುವ ಡಿಸ್‌ಪ್ಲೇ ಇಲ್ಲ. ಅದೊಂದು ಇರಬೇಕಿತ್ತು.

ಉಳಿದದ್ದರಲ್ಲಿ ಒಳ್ಳೆಯ ಸರಕು. ಗರಿಷ್ಠ 5 ಆಂಪ್, 1.2ರಿಂದ 110 ಆಂಪ್-ಅವರ್‌ವರೆಗಿನ ಬ್ಯಾಟರಿಗೆ ಆಗುತ್ತದೆ, ಧೂಳು-ನೀರು ತಡೆಯುವ ಐಪಿ65 ರಕ್ಷಣೆ ಇದೆ. ಕ್ಲಿಪ್ ಉಲ್ಟಾ ಹಾಕಿದರೆ ಕೆಂಪು ಲೈಟ್ ಹತ್ತುತ್ತದೆ, ಏನೂ ಸುಡುವುದಿಲ್ಲ. ನಮಗೆ ಮುಖ್ಯವಾದ ಗುಣ ಬೇರೆ: 2 ವೋಲ್ಟಿಗೆ ಇಳಿದ ಬ್ಯಾಟರಿಯನ್ನೂ ಇದು ಗುರುತಿಸುತ್ತದೆ. ಎಷ್ಟೋ ಸ್ಮಾರ್ಟ್ ಚಾರ್ಜರುಗಳು ಏಳೆಂಟು ವೋಲ್ಟಿನ ಕೆಳಗಿದ್ದರೆ ಬ್ಯಾಟರಿಯೇ ಇಲ್ಲ ಎಂಬಂತೆ ಸುಮ್ಮನಿರುತ್ತವೆ. 2ಕ್ಕಿಂತಲೂ ಕೆಳಗಿದ್ದರೆ ಒಳ್ಳೆಯ 12 ವೋಲ್ಟ್ ಬ್ಯಾಟರಿಯೊಂದನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೆಲವು ನಿಮಿಷ ಜೋಡಿಸಿ, ವೋಲ್ಟೇಜ್ ಏರಿದ ಮೇಲೆ ಚಾರ್ಜರ್‌ಗೆ ಹಾಕಿ. ಮುಟ್ಟಿ ನೋಡುತ್ತಿರಿ. ಬಿಸಿಯಾದರೆ ಅಲ್ಲಿಗೆ ನಿಲ್ಲಿಸಿ.

ಬ್ಯಾಟರಿಯ ಹತ್ತಿರ ಹೋಗುವುದೇ ಕೆಲವು ಗಾಡಿಗಳಲ್ಲಿ ದೊಡ್ಡ ಕೆಲಸ. 2010ರಲ್ಲಿ ಇಲ್ಲಿಗೆ ಬಂದ ಟೊಯೋಟಾ ಪ್ರಿಯಸ್‌ನಲ್ಲಿ ಅದು ಡಿಕ್ಕಿಯ ಬಲ ಮೂಲೆಯಲ್ಲಿ, ಡಿಕ್ಕಿ ತೆರೆಯಲು ಕರೆಂಟ್ ಬೇಕು! ರಿಮೋಟಿನೊಳಗೆ ಅಡಗಿರುವ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆಗೆದು ಬಾನೆಟ್ ಎತ್ತಿ. ಫ್ಯೂಸ್ ಬಾಕ್ಸ್ ಒಳಗೆ ಕೆಂಪು ಮುಚ್ಚಳದ ಪ್ಲಸ್ ಟರ್ಮಿನಲ್ ಇದೆ. ಕೆಂಪು ಕ್ಲಿಪ್ ಅಲ್ಲಿಗೆ, ಕಪ್ಪು ಕ್ಲಿಪ್ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ. ಬೇರೆ ಗಾಡಿಗಳಲ್ಲಿ ಜಾಗ ಬೇರೆ, ಓನರ್ಸ್ ಮ್ಯಾನ್ಯುಯಲ್ ನೋಡಿ.

ನೀರು ಹಾಕದ, ಸೀಲ್ ಆದ ಎಜಿಎಂ ಬ್ಯಾಟರಿಯಾದರೆ ಮೋಡ್ ಬಟನ್ ಒತ್ತಿ ಹಿಮದ ಹಳುಕಿನ ಗುರುತಿಗೆ ತನ್ನಿ, ಆಗ 14.7 ವೋಲ್ಟ್. ಕಾರಿನ ಗುರುತಿನಲ್ಲಿ 14.4. ಪೂರ್ತಿ ಇಳಿದ 45 ಆಂಪ್-ಅವರ್ ಬ್ಯಾಟರಿಗೆ ಒಂದು ರಾತ್ರಿ ಬೇಕು. ನಾಲ್ಕನೇ ಲೈಟ್ ಬಂದರೆ ಗಾಡಿ ಏಳುವಷ್ಟಾಗಿದೆ, ಏಳನೆಯದು ಬಂದರೆ ಫುಲ್. ನಡುವೆ ಐದನೆಯದರಲ್ಲಿ ಚಾರ್ಜ್ ನಿಲ್ಲುತ್ತದೆಯೇ ಎಂದು ತಾನೇ ಪರೀಕ್ಷಿಸುತ್ತದೆ, ಅಲ್ಲಿ ಕೆಂಪು ಬಂದರೆ ಬ್ಯಾಟರಿಯ ಆಸೆ ಬಿಡಿ. ಪಾಸಾದರೂ ಕ್ಲಿಪ್ ತೆಗೆದು ಮಾರನೇ ದಿನ ಅಳೆಯಿರಿ. 12.4ಕ್ಕಿಂತ ಇಳಿದಿದ್ದರೆ ಮುಂದಿನ ಮಳೆಗಾಲಕ್ಕೆ ಅದನ್ನು ನಂಬಬೇಡಿ.

ಇದೇ ಬ್ಯಾಟರಿಯನ್ನು ಪೇಟೆಯ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟರಾಗದೇ? ಲಾರಿ, ಟ್ರ್ಯಾಕ್ಟರ್ ಬ್ಯಾಟರಿಗಳ ಜೊತೆ ಸಾಲಾಗಿ ಸೀರೀಸ್‌ನಲ್ಲಿ ಹಾಕುವ ಕಡೆ ಬೇಡವೇ ಬೇಡ. ಅಲ್ಲಿ ವೋಲ್ಟೇಜಿಗೆ ಹಿಡಿತವಿಲ್ಲ. ನೀರು ಹಾಕುವ ಬ್ಯಾಟರಿ ಅದನ್ನು ತಡೆದುಕೊಳ್ಳುತ್ತದೆ, ಸೀಲ್ ಆದ ಎಜಿಎಂ ಒಣಗಿ ಹೋಗುತ್ತದೆ. ಹೊಸದು ಹಾಕಿಸುವಾಗಲೂ ಹುಷಾರು. ಬ್ಯಾಟರಿ ಡಿಕ್ಕಿಯಲ್ಲಿರುವ ಗಾಡಿಗೆ ಗ್ಯಾಸ್ ಹೊರಗೆ ಹೋಗುವ ಪೈಪಿನ ಎಜಿಎಂ ಮಾದರಿಯೇ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಸಾದಾ ಬ್ಯಾಟರಿ ತುರುಕಿದರೆ ಹೈಡ್ರೋಜನ್ ಕ್ಯಾಬಿನ್ನಿಗೇ ಬರುತ್ತದೆ.

ತುರ್ತಿಗೆ ಜಂಪ್ ಕೊಟ್ಟರೂ ಸಾಕು, ಕಂಪ್ಯೂಟರ್ ಏಳುವಷ್ಟೇ ಕರೆಂಟ್ ಬೇಕಾದ್ದರಿಂದ ತೆಳು ಕೇಬಲ್ಲೂ ನಡೆಯುತ್ತದೆ. ಪಿಕಪ್‌ನಿಂದ ಕೊಡಿ, 24 ವೋಲ್ಟಿನ ಲಾರಿಯಿಂದ ಕೊಡಬೇಡಿ. ಪ್ಲಸ್-ಮೈನಸ್ ಅದಲುಬದಲಾದರೆ, ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಮಾಡಿಕೊಡುವ ಕನ್ವರ್ಟರಿನ ಫ್ಯೂಸ್ ಹಾರಿದರೆ ಪುಣ್ಯ, ಕನ್ವರ್ಟರೇ ಹೋದರೆ ಬಿಲ್ ನೋಡಲಾಗದು. ಎದ್ದ ಗಾಡಿಯನ್ನು ರೆಡಿ ಲೈಟ್ ಉರಿಯುತ್ತಿರುವಾಗ ಗೇರ್ ಪಿ (ಪಾರ್ಕ್) ಯಲ್ಲೇ ಇಟ್ಟು ನಿಲ್ಲಿಸಿ. ಎನ್ (ನ್ಯೂಟ್ರಲ್) ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

12 ವೋಲ್ಟ್ ಸರಿಯಿದ್ದು, ಡ್ಯಾಶ್‌ಬೋರ್ಡ್ ಪ್ರಖರವಾಗಿದ್ದು, ಆದರೂ ರೆಡಿ ಬರದಿದ್ದರೆ ಆಗ ದೊಡ್ಡದರ ಮೇಲೆ ಅನುಮಾನಪಡಿ. ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ನಿಂತಲ್ಲೇ ಇಳಿಯುತ್ತದೆ, ಎಲ್ಲ ಸೆಲ್‌ಗಳೂ ಒಂದೇ ಸಮ ಇಳಿಯುವುದಿಲ್ಲ. ಗಾಡಿಯ ದೋಷ ಕೋಡ್ ಓದುವ ಓಬಿಡಿ ರೀಡರ್‌ನಲ್ಲಿ ಪಿ0ಎ80 ಕೋಡ್ ಬಂದರೆ ಪ್ಯಾಕ್ ಬಿಚ್ಚಿ ನೋಡಬೇಕಾದ ಕೆಲಸ. ಪ್ರಿಯಸ್‌ನಲ್ಲಿ ಅದು 201.6 ವೋಲ್ಟ್ ಡಿಸಿ, ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮನೆಯಲ್ಲಿ ಮುಟ್ಟಬೇಡಿ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವೀಸ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾಯಬೇಕು, ಕೈಗೆ 1000 ವೋಲ್ಟಿನ ಗ್ಲೌಸ್ ಇರಬೇಕು. ಟೊಯೋಟಾ ಹೈರೈಡರ್‌ನಂಥ ಹೊಸ ಗಾಡಿಗಳ ಪ್ಯಾಕಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಶೋರೂಮಿಗೆ ಎಳೆಸುವುದೇ ಲಾಭ.

ಚಾರ್ಜರ್‌ನ ರೀಕಂಡ್ ಮೋಡ್ ಬಗ್ಗೆ ಒಂದು ಮಾತು. ಪೂರ್ತಿ ಇಳಿದುಹೋದ ಬ್ಯಾಟರಿಗೆ ಅದು 15.8 ವೋಲ್ಟ್ ಕೊಡುತ್ತದೆ. ಗಾಡಿಯ ಎಲೆಕ್ಟ್ರಾನಿಕ್ಸ್‌ಗೆ ಅಷ್ಟು ಬೇಡ, ಬ್ಯಾಟರಿ ಬಿಚ್ಚಿ ಹೊರಗಿಟ್ಟು ಮಾಡಿ. ಕೊನೆಗೆ ಹಾಕಿದ ಮೋಡನ್ನು ಈ ಯಂತ್ರ ನೆನಪಿಟ್ಟುಕೊಂಡು ಮತ್ತೆ ಪ್ಲಗ್ ಹಾಕಿದಾಗ ಅದರಲ್ಲೇ ಶುರುಮಾಡುತ್ತದೆ. ಮಾಮೂಲಿ ಮೋಡ್‌ನಲ್ಲಿದ್ದರೆ ಇದು ವರವೇ: ಮಲೆನಾಡಿನ ಮಳೆಯಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಯಾರೂ ಬಟನ್ ಒತ್ತಬೇಕಿಲ್ಲ. ರೀಕಂಡ್ ಮಾಡಿ ಹಾಗೇ ಮರೆತಿದ್ದರೆ ಮುಂದಿನ ಸಲ ಕಾರಿನಲ್ಲಿರುವ ಬ್ಯಾಟರಿಗೂ ಅದೇ 15.8. ಕೆಲಸ ಮುಗಿದ ಕೂಡಲೇ ಬದಲಿಸಿಡಿ.

ತಿಂಗಳುಗಟ್ಟಲೆ ನಿಲ್ಲಿಸುವವರು ಜೊತೆಗೆ ಬರುವ ರಿಂಗ್ ಟರ್ಮಿನಲ್ ವೈರನ್ನು ಬ್ಯಾಟರಿಗೆ ಕಾಯಂ ಬಿಗಿದು ತುದಿಯನ್ನು ಹೊರಗೆ ತಂದಿಟ್ಟರೆ ಡಿಕ್ಕಿ ತೆರೆಯುವ ರಗಳೆಯೇ ಇಲ್ಲ. ವೈರ್ ಉದ್ದ ಹೆಚ್ಚಿಲ್ಲ. ಶೆಡ್ಡಿನಲ್ಲಿ ಇಲಿ ಇದ್ದರೆ ತುದಿಯನ್ನು ನೆಲಕ್ಕೆ ಬಿಡಬೇಡಿ. ದೊಡ್ಡ ಬ್ಯಾಟರಿಗಾಗಿ ಕೆಲವು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಅಥವಾ 16 ಕಿಲೋಮೀಟರ್ ಓಡಿಸಲೇಬೇಕು ಎಂದು ಟೊಯೋಟಾ ಮ್ಯಾನ್ಯುಯಲ್ ಹೇಳುತ್ತದೆ. ಆ ಕೆಲಸವನ್ನು ಯಾವ ಚಾರ್ಜರೂ ಮಾಡಿಕೊಡುವುದಿಲ್ಲ, ತೋಟ ನೋಡಿಕೊಳ್ಳುವ ರೈಟರ ಕೈಗೆ ಕೀ ಕೊಟ್ಟು ಹೋಗಿ.