ಮೂಲ ದಾಖಲೆ ಅಂಚೆಯಲ್ಲಿ ಬರಬೇಕಿದ್ದರೆ ಲಕೋಟೆಯ ಮೇಲಿನ ವಿಳಾಸವನ್ನು ಮೊದಲೇ ನೋಡಿಕೊಳ್ಳಿ

ಬೆಂಗಳೂರಿನ ಒಂದು ಖಾಸಗಿ ತರಬೇತಿ ಸಂಸ್ಥೆಯು ಪರಿಶೀಲನೆಗೆಂದು ಪಡೆದುಕೊಂಡಿದ್ದ ನನ್ನ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸುವಾಗ ನಡೆದುಕೊಂಡ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇನ್ನೊಬ್ಬರಿಗೆ ಹೀಗಾಗಬಾರದು.

ಅರ್ಜಿಯಲ್ಲಿ ಮನೆ ಸಂಖ್ಯೆ, ಮುಖ್ಯರಸ್ತೆ, ಅಡ್ಡರಸ್ತೆ, ಬ್ಲಾಕ್, ಪಿನ್‌ಕೋಡ್, ಮೊಬೈಲ್ ಸಂಖ್ಯೆ ಎಲ್ಲವನ್ನೂ ಬಿಡಿಸಿ ಬರೆದುಕೊಟ್ಟಿದ್ದೆ. ಅವರು ಲಕೋಟೆಯ ಮೇಲೆ ಅಂಟಿಸಿದ್ದು ನನ್ನ ಹೆಸರು, ‘3ನೇ ಅಡ್ಡರಸ್ತೆ, ರಾಜಾಜಿನಗರ’ ಮತ್ತು ಪಿನ್‌ಕೋಡ್ ಮಾತ್ರ. ಆರಂಕಿಯ ಪಿನ್‌ಕೋಡ್ ಲಕೋಟೆಯನ್ನು ಬಟವಾಡೆಯ ಅಂಚೆ ಕಚೇರಿಯವರೆಗೆ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ ಬ್ಲಾಕ್ ಇಲ್ಲದೆ, ಮನೆ ಸಂಖ್ಯೆ ಇಲ್ಲದೆ ಅಂಚೆಯಣ್ಣ ಯಾರ ಬಾಗಿಲು ತಟ್ಟಬೇಕು?

ಲಕೋಟೆ ಬರಲಿಲ್ಲವೆಂದು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: “ನಮ್ಮ ಕಡೆಯಿಂದ ಸ್ಪೀಡ್ ಪೋಸ್ಟ್ ಮಾಡಿದ್ದೇವೆ, ಮುಂದಿನದು ಅಂಚೆಯವರ ಜವಾಬ್ದಾರಿ, ಅಲ್ಲೇ ದೂರು ಕೊಡಿ.” ರಸೀದಿಯ ಸಂಖ್ಯೆ ಕೇಳಿದರೆ ನಾಳೆ, ನಾಡಿದ್ದು ಎಂದರು. ಬಹಳ ಒತ್ತಾಯಿಸಿದ ಮೇಲೆ ಸಂಖ್ಯೆ ಕೊಟ್ಟರು. ಅದನ್ನು ಹಿಡಿದು ದೂರು ಕೊಡಲು ಅಂಚೆ ಕಚೇರಿಗೆ ಹೋದರೆ, ಕೌಂಟರಿನಲ್ಲಿದ್ದವರು ಮಾತನಾಡದೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ‘ಅಪೂರ್ಣ ವಿಳಾಸ’ ಎಂಬ ಕಾರಣಕ್ಕೆ ಲಕೋಟೆ ಮರಳಿ ಹೋಗಿ, ಅದೇ ಸಂಸ್ಥೆಗೆ ಬಟವಾಡೆಯೂ ಆಗಿತ್ತು! ನನ್ನ ಅಂಕಪಟ್ಟಿಗಳನ್ನು ತಮ್ಮ ಕಚೇರಿಯಲ್ಲೇ ಇಟ್ಟುಕೊಂಡು, ಯಾವ ತಪ್ಪನ್ನೂ ಮಾಡದ ಅಂಚೆಯವರ ಮೇಲೆ ನನ್ನಿಂದ ದೂರು ಕೊಡಿಸಲು ಹೊರಟಿದ್ದರು. ಅಷ್ಟು ಜನರ ಮುಂದೆ ನಿಂತು ಅದನ್ನು ಓದುವಾಗ ಆದ ಅವಮಾನ ಇನ್ನೂ ಆರಿಲ್ಲ.

ಫೋನ್ ಮಾಡಿದರೆ, “ವಾಪಸ್ ಬಂದದ್ದು ನಮ್ಮ ಗಮನಕ್ಕೆ ಬಂದಿಲ್ಲ ಮೇಡಂ” ಎಂದರು. ಸಹಿ ಹಾಕಿ ತೆಗೆದುಕೊಂಡವರು ಯಾರು ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಸ್ವಲ್ಪ ಹೊತ್ತಿನ ನಂತರ, “ಮತ್ತೆ ಕಳುಹಿಸಬೇಕಾದರೆ ಅಂಚೆ ವೆಚ್ಚ ಕಟ್ಟಬೇಕಾಗುತ್ತದೆ” ಎಂಬ ಸಂದೇಶ ಬಂತು. ವಿಳಾಸವನ್ನು ಅರ್ಧಕ್ಕೆ ಕತ್ತರಿಸಿದವರು ಅವರು, ವೆಚ್ಚ ನನ್ನದಂತೆ! ಒಂದು ರೂಪಾಯಿಯನ್ನೂ ಕೊಡದೆ ನಾನೇ ಹೋಗಿ, ಅಲ್ಲೇ ಒಡೆಸಿ, ಒಂದೊಂದು ಹಾಳೆಯನ್ನೂ ಎಣಿಸಿ ತಂದೆ.

ಇಂಥವರ ಬಾಯಿಮಾತನ್ನು ನಂಬಬೇಡಿ. ಅಂಚೆಗೆ ಹಾಕುವ ಮುನ್ನವೇ ಲಕೋಟೆಯ ಎರಡೂ ಬದಿಯ ಫೋಟೋ ಕೇಳಿ, ಅಂದೇ ರಸೀದಿ ಸಂಖ್ಯೆ ಪಡೆದು ಅಂಚೆ ಇಲಾಖೆಯ ಜಾಲತಾಣದಲ್ಲಿ ನೀವೇ ನೋಡಿ. ಕಳುಹಿಸುವವರ ವಿಳಾಸವೂ ಇರಲೇಬೇಕು. ಸಾಧಾರಣ ಅಂಚೆಯಲ್ಲಿ ಎರಡೂ ವಿಳಾಸ ಕೆಟ್ಟರೆ ಲಕೋಟೆ ರಿಟರ್ನ್ಡ್ ಲೆಟರ್ ಆಫೀಸಿಗೆ (ಯಾರಿಗೂ ತಲುಪಿಸಲಾಗದ ಪತ್ರಗಳು ಸೇರುವ ಅಂಚೆ ಇಲಾಖೆಯ ಕಚೇರಿ) ಹೋಗುತ್ತದೆ, ಅಲ್ಲಿಂದ ಅದನ್ನು ಹುಡುಕಿಸುವುದು ಸುಲಭವಲ್ಲ.