ಐಎಸ್‌ಯು ಅಂಕಪಟ್ಟಿ: ಲೆಕ್ಕ ಪಕ್ಕಾ, ಕಾರಣ ನಾಪತ್ತೆ

ಫಿಗರ್ ಸ್ಕೇಟಿಂಗ್‌ನ ಒಂದೊಂದು ಸುತ್ತು ಮುಗಿದ ಸ್ವಲ್ಪ ಹೊತ್ತಿಗೆ ಇಂಟರ್‌ನ್ಯಾಷನಲ್ ಸ್ಕೇಟಿಂಗ್ ಯೂನಿಯನ್, ಅಂದರೆ ಐಎಸ್‌ಯು ಕಡೆಯಿಂದ ಒಂದು ಪಿಡಿಎಫ್ ಹೊರಬೀಳುತ್ತದೆ. 'ಜಡ್ಜಸ್ ಡೀಟೇಲ್ಸ್ ಪರ್ ಸ್ಕೇಟರ್' ಎಂದು ತಲೆಬರಹ. ಬಳಸುವವರ ಬಾಯಲ್ಲಿ ಬರೀ 'ಪ್ರೋಟೋಕಾಲ್'. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ತೀರ್ಪುಗಾರರ ಅಂಕದ ಮೇಲೆ ನಿಂತ ಆಟಗಳಲ್ಲಿ ಇಷ್ಟು ಬಿಚ್ಚಿಟ್ಟ ಲೆಕ್ಕ ಸಿಗುವುದು ಅಪರೂಪ. ಆದರೆ ಎಷ್ಟು ಕಳೆದರು ಎಂಬುದನ್ನು ದಶಾಂಶದವರೆಗೆ ತೋರಿಸುವ ಈ ಹಾಳೆ, ಯಾಕೆ ಕಳೆದರು ಎಂದು ಕೇಳಿದರೆ ತುಟಿ ಬಿಚ್ಚುವುದಿಲ್ಲ.

ಐಎಸ್‌ಯು ಹುಟ್ಟಿದ್ದು 1892ರಲ್ಲಿ, ನೆದರ್‌ಲ್ಯಾಂಡ್ಸ್‌ನ ಷೆವೆನಿಂಗನ್‌ನಲ್ಲಿ. ಈಗಿನ ಕಚೇರಿ ಸ್ವಿಟ್ಜರ್‌ಲ್ಯಾಂಡ್‌ನ ಲೋಸಾನ್‌ನಲ್ಲಿದೆ. ತೀರ್ಪುಗಾರರು 6.0ಕ್ಕೆ ಅಂಕ ಕೊಡುತ್ತಿದ್ದ ಹಳೆಯ ಪದ್ಧತಿಯಲ್ಲಿ ಇಂಥ ವಿವರ ಕೇಳುವ ಹಾಗೇ ಇರಲಿಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ವಿಭಾಗದಲ್ಲಿ ತೀರ್ಪಿನ ಹಗರಣವಾಗಿ, ಎರಡು ಜೋಡಿಗಳಿಗೆ ಚಿನ್ನ ಕೊಡಬೇಕಾಗಿ ಬಂದ ಮೇಲೆ, 2004ರಲ್ಲಿ ಸದ್ಯದ ಪದ್ಧತಿಯನ್ನು ಒಪ್ಪಿಕೊಂಡರು. ಹಾಗಿದ್ದೂ 2016ರಲ್ಲಿ ಡುಬ್ರೊವ್ನಿಕ್‌ನಲ್ಲಿ ನಡೆದ ಐಎಸ್‌ಯು ಮಹಾಸಭೆಯವರೆಗೆ ಯಾವ ಅಂಕ ಯಾವ ತೀರ್ಪುಗಾರರದು ಎಂಬುದು ಗುಟ್ಟಾಗಿಯೇ ಇತ್ತು. ಈಗ ಜೆ1ರಿಂದ ಜೆ9ರವರೆಗಿನ ಕಾಲಂಗಳನ್ನು ಅಧಿಕಾರಿಗಳ ಪಟ್ಟಿಯ ಪಕ್ಕದಲ್ಲಿಟ್ಟರೆ ಸಾಕು, ಅಂಕ ಕೊಟ್ಟವರು ಯಾರೆಂದು ಗೊತ್ತಾಗುತ್ತದೆ. ಈ ಒಂದು ಬದಲಾವಣೆಯಿಂದಲೇ ಹಾಳೆಯ ಬೆಲೆ ದುಪ್ಪಟ್ಟಾಯಿತು.

ಒಂದು ಸಾಲು ಓದುವುದನ್ನು ಕಲಿತರೆ ಇಡೀ ಹಾಳೆ ಓದಲು ಬಂದಂತೆ. ಎಡತುದಿಯಲ್ಲಿ ಅಂಶದ, ಅಂದರೆ ಜಿಗಿತ, ಸ್ಪಿನ್‌ನಂಥ ಒಂದೊಂದು ಕಸರತ್ತಿನ ಸಂಕೇತ, ಅದರ ಪಕ್ಕ ಟಿಪ್ಪಣಿಯ ಕಿರಿದಾದ ಕಾಲಂ, ಆಮೇಲೆ ಮೂಲಬೆಲೆ, ಜಿಒಇ (ಅಂಶವನ್ನು ಎಷ್ಟು ಚೆನ್ನಾಗಿ ಮಾಡಿದರು ಎಂಬುದಕ್ಕೆ ತೀರ್ಪುಗಾರರ ಗ್ರೇಡ್‌ಗಳಿಂದ ಬರುವ ಕೂಡು-ಕಳೆ), ಒಂಬತ್ತು ತೀರ್ಪುಗಾರರ ಅಂಕ, ಕೊನೆಗೆ ಆ ಅಂಶಕ್ಕೆ ಸಿಕ್ಕ ಮೊತ್ತ. 4ಎಲ್‌ಜೆಡ್ ಅಂದರೆ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಲುಟ್ಜ್ ಎಂಬ ಜಿಗಿತ, ಮೂಲಬೆಲೆ 11.50. ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ಗ್ರೇಡ್ ಕೊಡುತ್ತಾರೆ, ಒಂದೊಂದು ಗ್ರೇಡಿಗೆ ಮೂಲಬೆಲೆಯ ಶೇ 10. ಒಂಬತ್ತು ಮಂದಿ 3, 2, 3, 4, 3, 2, 1, 3, 3 ಕೊಟ್ಟರು ಎನ್ನೋಣ. ಅತಿ ಹೆಚ್ಚಿನ 4 ಮತ್ತು ಅತಿ ಕಡಿಮೆಯ 1 ಬಿಟ್ಟರೆ ಉಳಿದ ಏಳರ ಮೊತ್ತ 19, ಸರಾಸರಿ 2.714. ಅದನ್ನು 1.15ರಿಂದ ಗುಣಿಸಿದರೆ 3.12. ಒಟ್ಟು 14.62. ಇದೇ ಜಿಗಿತಕ್ಕೆ ಮೂರು ಸುತ್ತಿನ ಟೋ ಲೂಪ್ ಜೋಡಿಸಿದರೆ ಮೂಲಬೆಲೆಗೆ 4.20 ಸೇರುತ್ತದೆ, ಜಿಒಇ ಮಾತ್ರ ಜೋಡಿಯಲ್ಲಿ ದುಬಾರಿಯಾದ ಜಿಗಿತದ ಬೆಲೆಯ ಮೇಲೆಯೇ ನಡೆಯುತ್ತದೆ. ಮೂಲಬೆಲೆಯ ಪಕ್ಕದಲ್ಲಿ ಎಕ್ಸ್ ಇದ್ದರೆ ಅದು ಕಾರ್ಯಕ್ರಮದ ದ್ವಿತೀಯಾರ್ಧದ ಜಿಗಿತ, ಮೂಲಬೆಲೆ 1.1 ಪಟ್ಟು. ಸ್ಪರ್ಧೆಯ ಚಿಕ್ಕ ಸುತ್ತಾದ ಶಾರ್ಟ್ ಪ್ರೋಗ್ರಾಂನಲ್ಲಿ ಇದು ಕೊನೆಯ ಒಂದು ಜಿಗಿತಕ್ಕೆ, ಉದ್ದದ ಸುತ್ತಾದ ಫ್ರೀ ಸ್ಕೇಟ್‌ನಲ್ಲಿ ಕೊನೆಯ ಮೂರಕ್ಕೆ ಮಾತ್ರ. ಕೈಲೆಕ್ಕ ತಾಳೆಯಾಗದಿದ್ದರೆ ಮೊದಲು ಈ ಎಕ್ಸ್ ಕಣ್ತಪ್ಪಿದೆಯೇ ನೋಡಿ.

ಹಾಳೆಯ ಅಸಲಿ ಕಥೆ ಇರುವುದು ಆ ಕಿರಿದಾದ ಟಿಪ್ಪಣಿ ಕಾಲಂನಲ್ಲಿ. ಕ್ಯೂ ಅಂದರೆ ಜಿಗಿತ ನಿಖರವಾಗಿ ಕಾಲು ಸುತ್ತು ಕಡಿಮೆ ಇಳಿದಿದೆ. ಮೂಲಬೆಲೆ ಪೂರ್ತಿ ಸಿಕ್ಕರೂ ಗ್ರೇಡ್ ಇಳಿಯುತ್ತದೆ. ಒಂಟಿ ಬಾಣ (<) ಬಿದ್ದರೆ ಕೊರತೆ ಕಾಲು ಸುತ್ತಿಗಿಂತ ಹೆಚ್ಚು, ಅರ್ಧಕ್ಕಿಂತ ಕಡಿಮೆ: ಮೂಲಬೆಲೆಯ ಶೇ 80 ಮಾತ್ರ. ಜೋಡಿ ಬಾಣ (<<) ಬಿದ್ದರೆ ಅರ್ಧ ಸುತ್ತೋ ಅದಕ್ಕಿಂತ ಹೆಚ್ಚೋ ಕೊರತೆ, ಒಂದು ಸುತ್ತು ಕಡಿಮೆಯ ಜಿಗಿತದ ಬೆಲೆ. ನಾಲ್ಕು ಸುತ್ತಿನ ಲುಟ್ಜ್ ಹಾಕಿ ಬಿದ್ದವರ ಲೆಕ್ಕ ನೋಡಿ. ಸುತ್ತು ಪೂರ್ತಿಯಾಗಿದ್ದು ಎಲ್ಲರೂ ಮೈನಸ್ 5 ಕೊಟ್ಟರೆ 11.50ರಲ್ಲಿ 5.75 ಹೋಗುತ್ತದೆ; ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತವಾಗಿ ಕೈಗೆ ದಕ್ಕುವುದು 4.75. ಒಂಟಿ ಬಾಣವೂ ಸೇರಿದರೆ 3.60. ಜೋಡಿ ಬಾಣವಾದರೆ 1.95. ಅದೇ ಲುಟ್ಜ್ ಅನ್ನು ಮೂರೇ ಸುತ್ತು ಹಾಕಿ ನೆಟ್ಟಗೆ ಇಳಿದಿದ್ದರೆ ಮೂಲಬೆಲೆಯೇ 5.90. ಟಿವಿಯಲ್ಲಿ ಮೂರು ಸಲವೂ ಕಾಣಿಸುವುದು ಒಂದೇ ಬಗೆಯ ಬೀಳು. ವ್ಯತ್ಯಾಸ ತಿಳಿಯುವುದು ಹಾಳೆಯಲ್ಲಿ. ಬೀಳುವಿಕೆಯ ಕಡಿತ ಅಂಶದ ಸಾಲಿನಲ್ಲಿ ಸಿಗುವುದಿಲ್ಲ, ಪುಟದ ಕೆಳಗೆ ಪ್ರತ್ಯೇಕವಾಗಿರುತ್ತದೆ. ಸೀನಿಯರ್ ಸಿಂಗಲ್ಸ್‌ನಲ್ಲಿ ಮೊದಲೆರಡು ಬೀಳಿಗೆ ತಲಾ 1, ಮೂರು ಮತ್ತು ನಾಲ್ಕನೆಯದಕ್ಕೆ ತಲಾ 2.

ಪ್ಲಸ್ ಆರ್‌ಇಪಿ ಎಂದಿದ್ದರೆ ಅದೇ ಜಿಗಿತವನ್ನು ಜೋಡಿಯಿಲ್ಲದೆ ಎರಡನೇ ಸಲ ಹಾಕಿದ್ದಾರೆ, ಬೆಲೆ ಶೇ 70ಕ್ಕೆ ಇಳಿಯುತ್ತದೆ. ನಕ್ಷತ್ರದ ಗುರುತು ಬಿದ್ದರೆ ಆ ಜಿಗಿತ ನಿಯಮಕ್ಕೆ ಹೊರಗಿನದು, ಅದಕ್ಕೆ ಸೊನ್ನೆ. ಇದು ಸಾಮಾನ್ಯವಾಗಿ ಜಿಗಿಯುವ ಕಾಲಿನ ತಪ್ಪಲ್ಲ, ಕಾರ್ಯಕ್ರಮದ ನಡುವೆ ಎಣಿಕೆ ಮರೆತ ತಲೆಯ ತಪ್ಪು.

ಟಿವಿ ಪರದೆಯ ಮೂಲೆಯಲ್ಲಿ ಓಡುವ ಅಂಕದ ಪೆಟ್ಟಿಗೆಯನ್ನು ಈ ಹಾಳೆಗೆ ಹೋಲಿಸಲು ಹೋಗಬೇಡಿ. ಅದು ತಾತ್ಕಾಲಿಕ. ಅಂಶಗಳನ್ನು ಗುರುತಿಸುವ ಟೆಕ್ನಿಕಲ್ ಪ್ಯಾನೆಲ್ ವಿಡಿಯೊ ಮರುವೀಕ್ಷಣೆ ಮುಗಿಸಿ ಬಾಣ ಹಾಕಿದ ಮೇಲೆ ಅಲ್ಲಿ ಕಂಡ ಮೊತ್ತ ಐದಾರು ಅಂಕ ಕುಸಿಯುವುದೂ ಉಂಟು.

ಇನ್ನು ತಕರಾರಿಗೆ ಬರೋಣ. ಜಿಗಿತದ ಗ್ರೇಡಿಗೆ ಐಎಸ್‌ಯು ಆರು ಮಾನದಂಡ ಇಟ್ಟಿದೆ: ಎತ್ತರ ಮತ್ತು ದೂರ, ಚೊಕ್ಕ ಏರಿಕೆ ಹಾಗೂ ಇಳಿಕೆ, ಸಲೀಸು, ಜಿಗಿತಕ್ಕೆ ಮೊದಲಿನ ಹೆಜ್ಜೆಗಳು ಅಥವಾ ಅನಿರೀಕ್ಷಿತ ಪ್ರವೇಶ, ಗಾಳಿಯಲ್ಲಿ ದೇಹದ ನಿಲುವು, ಸಂಗೀತದೊಂದಿಗೆ ಹೊಂದಾಣಿಕೆ. ಪ್ಲಸ್ 4 ಅಥವಾ 5 ಬೇಕಾದರೆ ಮೊದಲ ಮೂರು ಇರಲೇಬೇಕು. ನಿಯಮ ಇಷ್ಟು ಖಚಿತವಾಗಿದ್ದರೂ ಹಾಳೆಯಲ್ಲಿ ಉಳಿಯುವುದು ಬರೀ '3'. ಯಾವ ಮೂರು? ಒಬ್ಬರ 3ರಲ್ಲಿ ಎತ್ತರ ಎಣಿಕೆಗೆ ಬಂದಿರಬಹುದು, ಮತ್ತೊಬ್ಬರದು 4 ಆಗಿದ್ದು ತಪ್ಪಿಗೆ ಒಂದು ಕಳೆದಿರಬಹುದು. ತರಬೇತುದಾರರಿಗೆ ಬೇಕಾದದ್ದು ಇದೇ ಮಾಹಿತಿ, ಅದೇ ಇಲ್ಲ. ಸ್ಪಿನ್‌ಗಳದ್ದೂ ಇದೇ ಪಾಡು. ಪಾದ ಬದಲಿಸಿದ ಕಾಂಬಿನೇಷನ್ ಸ್ಪಿನ್ ನಾಲ್ಕನೇ ಲೆವೆಲ್‌ನಲ್ಲಿ, ಅಂದರೆ ಕಠಿಣತೆಯ ಅತಿ ಮೇಲಿನ ಮೆಟ್ಟಿಲಲ್ಲಿ, 3.50, ಮೂರನೆಯದರಲ್ಲಿ 3.00. ಅರ್ಧ ಅಂಕ ಎಲ್ಲಿ ಹೋಯಿತು, ಲೆವೆಲ್ ಏರಿಸುವ ಯಾವ ಫೀಚರ್ ಎಣಿಸಲಿಲ್ಲ ಎಂದು ವಿಡಿಯೊ ಮುಂದೆ ಕೂತು ಊಹಿಸಬೇಕು.

ಕಾರಣ ಬರೆಯಲು ಜಾಗವಿಲ್ಲ ಎಂಬ ಸಬೂಬು ನಡೆಯದು. ಐಸ್ ಡಾನ್ಸ್‌ನಲ್ಲಿ ನಿಗದಿತ ಹೆಜ್ಜೆಗಳ ಪ್ಯಾಟರ್ನ್ ಡಾನ್ಸ್ ಸಾಲುಗಳಲ್ಲಿ ಸಂಕೇತದ ಬಾಲಕ್ಕೇ ಕೀ ಪಾಯಿಂಟ್‌ಗಳ (ಪರೀಕ್ಷಿಸುವ ಮುಖ್ಯ ಹೆಜ್ಜೆಗಳ) ಫಲಿತಾಂಶ ಅಂಟಿಸಿ ಕೊಟ್ಟಿದ್ದಾರೆ: ಸರಿಯಾದರೆ ವೈ, ತಪ್ಪಿದರೆ ಎನ್, ತಾಳ ತಪ್ಪಿದರೆ ಟಿ. ನಾಲ್ಕೇ ಅಕ್ಷರದಲ್ಲಿ ಜೋಡಿ ಎಡವಿದ ಜಾಗ ಗೊತ್ತಾಗುತ್ತದೆ. ಇದೇ ಉಪಾಯ ಸ್ಪಿನ್‌ಗೆ ಯಾಕೆ ಬರಲಿಲ್ಲವೋ.

ಇಡೀ ಪ್ರದರ್ಶನದ ಗುಣಕ್ಕೆ ಕೊಡುವ ಕಾಂಪೊನೆಂಟ್ ಅಂಕಗಳ ಭಾಗ ನನ್ನ ಮಟ್ಟಿಗೆ ಹಾಳೆಯ ದುರ್ಬಲ ತುದಿ. 2022–23ರ ಋತುವಿನಿಂದ ಐದಿದ್ದದ್ದು ಮೂರಾಗಿದೆ: ಕಾಂಪೊಸಿಷನ್, ಪ್ರೆಸೆಂಟೇಷನ್, ಸ್ಕೇಟಿಂಗ್ ಸ್ಕಿಲ್ಸ್. ತಲಾ 10ಕ್ಕೆ, 0.25ರ ಮೆಟ್ಟಿಲಲ್ಲಿ. ಫ್ರೀ ಸ್ಕೇಟ್‌ನಲ್ಲಿ ಪುರುಷರಿಗೆ 3.33ರಿಂದ, ಮಹಿಳೆಯರಿಗೆ 2.67ರಿಂದ ಗುಣಿಸುತ್ತಾರೆ. ಸಾಲು ಬಿಟ್ಟು ಒಬ್ಬೊಬ್ಬ ತೀರ್ಪುಗಾರರ ಕಾಲಂ ಅನ್ನು ಮೇಲಿಂದ ಕೆಳಕ್ಕೆ ಓದಿ ನೋಡಿ. 8.50, 8.50, 8.25 ಎಂಬಂಥ ಸಾಲುಗಳೇ ಸಾಲುಸಾಲು. ಮೂರು ಬೇರೆ ಬೇರೆ ಗುಣ ಅಳೆದ ಹಾಗೆ ಕಾಣುವುದಿಲ್ಲ, ಒಂದೇ ಅಭಿಪ್ರಾಯವನ್ನು ಮೂರು ಸಲ ಬರೆದಂತಿರುತ್ತದೆ.

ಪಕ್ಷಪಾತ ಹುಡುಕುವವರಿಗೂ ಒಂದು ಮಾತು. ಅತಿ ಹೆಚ್ಚು, ಅತಿ ಕಡಿಮೆ ಅಂಕ ಬಿಡುವುದು ಸಾಲುಸಾಲಿಗೆ, ತೀರ್ಪುಗಾರರನ್ನೇ ಅಲ್ಲ. ಒಂದು ಸಾಲಿನಲ್ಲಿ ಎದ್ದು ಕಾಣುವ 5 ಕೊಟ್ಟವರ ಅಂಕ ಹಾರಿಹೋಗುತ್ತದೆ. ಎಲ್ಲ ಸಾಲಿನಲ್ಲೂ ಒಂದೊಂದೇ ಗ್ರೇಡ್ ಏರಿಸಿ, ಜೊತೆಗೆ ಇನ್ನೊಬ್ಬರೂ ಅಷ್ಟೇ ಕೊಟ್ಟಿದ್ದರೆ ಎರಡರಲ್ಲಿ ಒಂದು ಲೆಕ್ಕದಲ್ಲಿ ಉಳಿದೇ ಉಳಿಯುತ್ತದೆ. ಆದ್ದರಿಂದ ಒಂದು ಅಂಕಕ್ಕೆ ಗುಲ್ಲೆಬ್ಬಿಸುವ ಮೊದಲು ಇಡೀ ಕಾಲಂನ ಸರಾಸರಿಯನ್ನು ಪ್ಯಾನೆಲ್‌ನ ಸರಾಸರಿಗೆ ಹೋಲಿಸಿ, ಅದೂ ಒಬ್ಬ ಸ್ಕೇಟರ್‌ಗಲ್ಲ, ಆ ಸುತ್ತಿನ ಎಲ್ಲರಿಗೂ.

ಬಳಸುವವರು ಎಡವುವ ಜಾಗ ಎರಡು. ಪಿಡಿಎಫ್‌ನಿಂದ ಸ್ಪ್ರೆಡ್‌ಶೀಟ್‌ಗೆ ನಕಲು ಮಾಡಿದರೆ ಟಿಪ್ಪಣಿ ಕಾಲಂ ಖಾಲಿಯಿರುವ ಸಾಲುಗಳಲ್ಲಿ ಅಂಕಗಳೆಲ್ಲ ಒಂದು ಮನೆ ಎಡಕ್ಕೆ ಸರಿಯುತ್ತವೆ. ಸಾಲಿನ ಕೊನೆಯ ಮೊತ್ತದಿಂದ ಹಿಂದಕ್ಕೆ ಎಣಿಸಿದರೆ ಕಾಲಂ ಕೂಡುತ್ತದೆ. ಇನ್ನೊಂದು, ಮೂಲಬೆಲೆಗಳ ಪಟ್ಟಿಯನ್ನು ಐಎಸ್‌ಯು ಆಗಾಗ ಪರಿಷ್ಕರಿಸಿ ಸುತ್ತೋಲೆ ಹೊರಡಿಸುತ್ತದೆ, 2018ರವರೆಗೆ ಗ್ರೇಡ್ ಮೈನಸ್ 3ರಿಂದ ಪ್ಲಸ್ 3 ಅಷ್ಟೇ ಇತ್ತು. ಹಳೆಯ ಋತುವಿನ ಹಾಳೆ ತೆರೆದಿದ್ದರೆ ಅದೇ ಋತುವಿನ ಪಟ್ಟಿಯನ್ನೇ ಪಕ್ಕದಲ್ಲಿಟ್ಟುಕೊಳ್ಳಿ.